ಬೀಗದ ಕೈ ಯಾರ ಸೆರಗಿನಲ್ಲಿ?

ಸೋದರಿಯರೇ, ನಿಮ್ಮ ಮನೆಯಲ್ಲಿ ಉಗ್ರಾಣದ ಬೀಗದ ಕೈ ಯಾರ ಹತ್ತಿರ ಇದೆ? ಈ ಪ್ರಶ್ನೆ ಕೇಳಿದ್ದರೆ ನಮ್ಮ ಅತ್ತೆಯ ಕಾಲದ ಹೆಂಗಸರು ಥಟ್ಟನೆ ಸೊಂಟ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಈಗ ಉಗ್ರಾಣವೂ ಇಲ್ಲ, ಗೊಂಚಲೂ ಇಲ್ಲ. ಆದರೆ ಬೀಗದ ಕೈಗಳು ಮಾತ್ರ ಮೊದಲಿಗಿಂತ ಹೆಚ್ಚಾಗಿವೆ ಕಣ್ರೀ! ಫೋನಿಗೊಂದು, ಬ್ಯಾಂಕಿಗೊಂದು, ಗ್ಯಾಸ್ ಬುಕ್ಕಿಂಗಿಗೊಂದು. ಎಲ್ಲವೂ ಕಣ್ಣಿಗೆ ಕಾಣದವು, ಸೆರಗಿಗೆ ಗಂಟು ಹಾಕಿಕೊಳ್ಳಲು ಬಾರದವು.

ನಾನು ಈಗ ಹೇಳಹೊರಟಿರುವುದು ನಮ್ಮ ಅಂಗಡಿಯ ಕಂಪ್ಯೂಟರಿನ ಬೀಗದ ಕೈ ವಿಚಾರ. ‘ಉಪ್ಪಿನಕಾಯಿ ಪುಟದ ಪಕ್ಕದಲ್ಲಿ ಇದೇನಮ್ಮ ಅಂಗಡಿ ಲೆಕ್ಕ!’ ಅಂತ ಪುಟ ಮಗುಚಬೇಡಿ. ನಿಮ್ಮಲ್ಲಿ ಎಷ್ಟೋ ಜನರ ಯಜಮಾನರದ್ದು ಅಂಗಡಿಯೋ, ಮಿಲ್ಲೋ, ಮೆಡಿಕಲ್ ಸ್ಟೋರೋ ಇರುತ್ತದೆ. ಇವತ್ತಲ್ಲ ನಾಳೆ ‘ಸ್ವಲ್ಪ ಬಂದು ಬಿಲ್ ಹಾಕ್ತೀಯಾ?’ ಅಂತ ನಿಮ್ಮನ್ನೂ ಕರೆದು ಕೂರಿಸುತ್ತಾರೆ. ಆಗ ಬೇಕಾಗುತ್ತದೆ.

ನಮ್ಮದು ತಿಪಟೂರು. ನಮ್ಮವರೂ ನನ್ನ ಮೈದುನನೂ ಪಾಲಿನಲ್ಲಿ ನಡೆಸುವ ಸಿಮೆಂಟು, ಪೈಪು, ಬಣ್ಣದ ಅಂಗಡಿ. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಬಂದವಳು. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು ನೋಡಿ, ಆಗ ಕೆಂಪು ಬಟ್ಟೆಯ ಲೆಕ್ಕದ ಪುಸ್ತಕ ಮೂಲೆ ಸೇರಿತು, ಅಂಗಡಿಗೆ ಟ್ಯಾಲಿ ಬಂತು. ಮೂರು ತಿಂಗಳ ಕ್ಲಾಸಿಗೆ ಹೋಗಿ ನಾನೂ ಕಲಿತೆ. ಈಗ ದಿನಾ ಸಂಜೆ ಎರಡು ಗಂಟೆ ಅಂಗಡಿಯಲ್ಲಿ ಕೂರುತ್ತೇನೆ. ಅಂದಹಾಗೆ ಈ ಟ್ಯಾಲಿ ಎಲ್ಲಿಯೋ ಅಮೆರಿಕದ್ದು ಅಂದುಕೊಂಡಿದ್ದರೆ ತಪ್ಪು. ನಮ್ಮ ಬೆಂಗಳೂರಿನಲ್ಲೇ 1986ರಲ್ಲಿ ಶುರುವಾದದ್ದು. ಶ್ಯಾಮಸುಂದರ ಗೋಯೆಂಕಾ ಎಂಬುವರಿಗೆ ತಮ್ಮ ವ್ಯಾಪಾರದ ಲೆಕ್ಕಕ್ಕೆ ಒಪ್ಪುವ ಪ್ರೋಗ್ರಾಂ ಸಿಗಲಿಲ್ಲವಂತೆ. ಮಗ ಭರತ್ ಗೋಯೆಂಕಾ ತಾನೇ ಕೂತು ಬರೆದುಕೊಟ್ಟರಂತೆ. ಆ ಮಗನಿಗೆ 2020ರಲ್ಲಿ ಪದ್ಮಶ್ರೀ ಬಂತು. ಮನೆಯ ಗರಜಿಗೆ ಹುಟ್ಟಿದ್ದು ಊರಿಗೆಲ್ಲ ಆಯಿತು.

ನಮ್ಮ ಅಂಗಡಿಯಲ್ಲಿ ಲೆಕ್ಕ ಬರೆಯಲು ಹತ್ತಿರದ ಹಳ್ಳಿಯಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಬಿ.ಕಾಂ. ಓದಿದವಳು. ತಂದೆ ಇಲ್ಲ, ತಮ್ಮನನ್ನು ಇವಳೇ ಓದಿಸುತ್ತಿದ್ದಳು. ಕೆಲಸ ಅಚ್ಚುಕಟ್ಟು. ಆದರೆ ಕಂಪ್ಯೂಟರಿಗೆ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಅದು ಮಾಲೀಕರ ಹೆಸರು. ಪ್ರೋಗ್ರಾಂ ಹಾಕಿಕೊಡಲು ಬಂದಿದ್ದ ಹುಡುಗ ಹಾಗೇ ಮಾಡಿ ಹೋಗಿದ್ದ. ಹುಡುಗಿ, ನಾನು, ನಮ್ಮವರು, ಮೈದುನ, ಕೊನೆಗೆ ಆಡಿಟರ ಆಫೀಸಿನಿಂದ ಬರುವ ಪೋರ ಕೂಡ ಅದೇ ಹೆಸರಿನಲ್ಲಿ ಒಳಗೆ ಹೋಗುವುದು. ಒಂದೇ ಬಾಗಿಲು, ಒಂದೇ ಕೈ, ಅದೂ ಮೊಳೆಗೆ ನೇತುಹಾಕಿದ್ದು.

ಹೋದ ವರ್ಷ ಯುಗಾದಿ ಆದ ಮೇಲೆ ಒಬ್ಬ ಮೇಸ್ತ್ರಿ ಗಲಾಟೆ ಮಾಡಿಕೊಂಡು ಬಂದರು. ಹದಿನೈದು ಸಾವಿರ ಕಟ್ಟಿದ್ದೇನೆ, ಮತ್ತೆ ಬಾಕಿ ಅಂತ ಚೀಟಿ ಕಳಿಸಿದ್ದೀರಲ್ಲ ಅಂತ. ಕೈಯಲ್ಲಿ ನಮ್ಮ ಕಂಪ್ಯೂಟರಿನದೇ ರಸೀತಿ ಇತ್ತು. ಅವರ ಹೆಸರು, ಅವರ ಊರು, ದಿನಾಂಕ ಎಲ್ಲಾ ಸರಿ. ಕಂಪ್ಯೂಟರಿನಲ್ಲಿ ನೋಡಿದರೆ ಅದೇ ನಂಬರಿನ ರಸೀತಿ ಅದೇ ಹೆಸರಿನ ಇನ್ನೊಬ್ಬ ಮೇಸ್ತ್ರಿಯ ಖಾತೆಯಲ್ಲಿ ಕೂತಿತ್ತು! ದುಡ್ಡು ಪೆಟ್ಟಿಗೆಗೆ ಬಂದಿತ್ತು, ಅದರಲ್ಲಿ ಸುಳ್ಳಿಲ್ಲ. ರಸೀತಿ ಅಚ್ಚಾಗುವಾಗ ಸರಿಯಾಗಿಯೇ ಇತ್ತು, ಅದರಲ್ಲೂ ಸುಳ್ಳಿಲ್ಲ. ಅಂದರೆ ಆಮೇಲೆ ಯಾರೋ ಬದಲಾಯಿಸಿದ್ದಾರೆ.

ಆ ಇನ್ನೊಬ್ಬ ಮೇಸ್ತ್ರಿ ನಮ್ಮ ಹುಡುಗಿಯ ಊರಿನವರು, ದೂರದ ಸಂಬಂಧ ಬೇರೆ. ಸಾಕಲ್ಲ! ಮೈದುನ ಎಲ್ಲರೆದುರಿಗೇ, “ನಿಮ್ಮೋರ ಬಾಕಿ ತೀರಿಸೋಕೆ ನಮ್ಮ ಅಂಗಡಿನೇ ಬೇಕಿತ್ತಾ?” ಅಂದುಬಿಟ್ಟರು. ಹುಡುಗಿ ಅಳಲಿಲ್ಲ. ಕಂಪ್ಯೂಟರ್ ಆರಿಸಿ, ಬ್ಯಾಗು ತೆಗೆದುಕೊಂಡು, “ನಾಳೆಯಿಂದ ಬರಲ್ಲ ಅಕ್ಕಾ” ಅಂತ ನನಗೆ ಹೇಳಿ ಹೊರಟಳು.

ಆ ರಾತ್ರಿ ನನಗೆ ಊಟ ಸೇರಲಿಲ್ಲ. ನೀವೇ ಯೋಚಿಸಿ. ಅದೇ ಹೆಸರಿನಲ್ಲಿ ಐದು ಜನ ಒಳಗೆ ಹೋಗುತ್ತಿದ್ದೆವು. ಅನುಮಾನ ಅವಳ ಮೇಲೆ ಮಾತ್ರ ಯಾಕೆ ಬಂತು? ನನ್ನ ಮೇಲೆ ಯಾಕೆ ಬರಲಿಲ್ಲ? ನಾನು ಮನೆಯ ಸೊಸೆ. ಮೈದುನನ ಮೇಲೆ ಯಾಕೆ ಬರಲಿಲ್ಲ? ಅವರು ಪಾಲುದಾರ. ಸಂಬಳದವಳು ಅವಳೊಬ್ಬಳೇ. ಒಂದೇ ಬೀಗದ ಕೈ ಇರುವ ಮನೆಯಲ್ಲಿ ಏನು ಕಳೆದರೂ ಅದು ಕೆಲಸದವಳ ತಲೆಗೇ. ತಾನು ಮಾಡಿಲ್ಲ ಅಂತ ತೋರಿಸಲು ಆ ಮಗುವಿಗೆ ಒಂದು ದಾರಿಯೂ ಇರಲಿಲ್ಲ.

ನಾನು ನಮ್ಮವರಿಗೆ ಹೇಳಿದೆ: “ಯಾರು ಬದಲಾಯಿಸಿದರು ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ಅವಳನ್ನು ಅಂದದ್ದು ತಪ್ಪು. ಮೊದಲು ಅವಳನ್ನು ಕರೆಸಿ, ಆಮೇಲೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಬಾಗಿಲು ಮಾಡಿ.” ಮೈದುನ ಕೇಳಿದ ಕೂಡಲೇ, “ಅತ್ತಿಗೆ, ನಮ್ಮ ಅಂಗಡಿಯಲ್ಲಿ ನಮಗೇ ಬೀಗವಾ?” ಅಂದರು. “ಹೌದಪ್ಪ, ನಿಮಗೂ ಬೀಗ, ನನಗೂ ಬೀಗ. ನಾಳೆ ನಿಮ್ಮ ಮೇಲೆ ಅನುಮಾನ ಬಂದರೆ ನಿಮ್ಮ ಪರವಾಗಿ ಸಾಕ್ಷಿ ಹೇಳೋದು ಇದೇ” ಅಂದೆ. ಅವರು ಎರಡು ದಿನ ಮಾತಾಡಲಿಲ್ಲ. ಆಮೇಲೆ ತಾವೇ ಹುಡುಗಿಯ ಮನೆಗೆ ಫೋನು ಮಾಡಿದರು. ಮನುಷ್ಯ ಒಳ್ಳೆಯವರೇ, ಬಾಯಿ ಮುಂದು ಅಷ್ಟೆ.

ಈಗ ಕೆಲಸದ ಮಾತು. ಇಂಥ ಪ್ರೋಗ್ರಾಂಗಳಲ್ಲಿ ಹೆಸರು ಬೇರೆ, ಪಾತ್ರ ಬೇರೆ. ಮದುವೆ ಮನೆಯನ್ನು ನೆನೆಸಿಕೊಳ್ಳಿ. ಬಡಿಸುವವರು ಪಂಕ್ತಿಯಲ್ಲಿ ಓಡಾಡಬಹುದು, ಕೊಪ್ಪರಿಗೆಗೆ ಉಪ್ಪು ಹಾಕುವ ಹಾಗಿಲ್ಲ. ಅಡುಗೆಯವರು ಉಪ್ಪು ಹಾಕಬಹುದು, ಮುಯ್ಯಿಯ ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ಮುಯ್ಯಿ ಬರೆಯುವ ಮಾವನವರು ಪೆಟ್ಟಿಗೆ ಬಿಟ್ಟು ಏಳುವ ಹಾಗಿಲ್ಲ. ಬಡಿಸುವವರು ಯಾರೇ ಆಗಲಿ, ಬಡಿಸುವವರ ನಿಯಮ ಒಂದೇ. ಹಾಗೆಯೇ ಮೊದಲು ‘ಬಿಲ್ ಬರೆಯುವವರು’, ‘ನೋಡುವವರು’, ‘ಮಾಲೀಕರು’ ಅಂತ ಪಾತ್ರಗಳನ್ನು ಮಾಡಿ, ಪ್ರತಿ ಪಾತ್ರಕ್ಕೆ ಏನು ಮಾಡಬಹುದು, ಏನು ಕೂಡದು ಅಂತ ಹೇಳಿ, ಆಮೇಲೆ ಒಬ್ಬೊಬ್ಬರ ಹೆಸರನ್ನು ಒಂದೊಂದು ಪಾತ್ರಕ್ಕೆ ಸೇರಿಸುವುದು. ಬೆಂಗಳೂರಿನಲ್ಲಿ ಕಂಪ್ಯೂಟರ್ ಓದುವ ನನ್ನ ಮಗ, ಈ ಪದ್ಧತಿಯನ್ನು 1992ರಲ್ಲಿ ಫೆರಾಯೊಲೊ ಮತ್ತು ಕೂನ್ ಎಂಬ ಇಬ್ಬರು ಅಮೆರಿಕನ್ನರು ಕ್ರಮವಾಗಿ ಬರೆದಿಟ್ಟರು ಅಂತ ಹೇಳಿದ. ಇರಲಿ ಬಿಡಿ, ನಮ್ಮ ಅಜ್ಜಿಯಂದಿರು ಬರೆಯದೆಯೇ ನಡೆಸಿದರು.

ಟ್ಯಾಲಿಯಲ್ಲಿ ಕಂಪೆನಿ ಅನ್ನುವ ಪಟ್ಟಿಯೊಳಗೆ ‘ಯೂಸರ್ ರೋಲ್ಸ್’ ಅಂತಲೂ ‘ಯೂಸರ್ಸ್ ಅಂಡ್ ಪಾಸ್‌ವರ್ಡ್ಸ್’ ಅಂತಲೂ ಎರಡು ಬೇರೆ ಬೇರೆ ಜಾಗ ಇವೆ. ಮೊದಲನೆಯದು ಪಾತ್ರಕ್ಕೆ, ಎರಡನೆಯದು ಹೆಸರಿಗೆ. ಇವೆರಡನ್ನು ಕಲಸಿಕೊಂಡರೆ ಅರ್ಧ ತೊಂದರೆ ಅಲ್ಲಿಂದಲೇ ಶುರು. ಇದರ ಜೊತೆಗೆ ‘ಎಡಿಟ್ ಲಾಗ್’ ಅನ್ನುವುದನ್ನೂ ಚಾಲೂ ಮಾಡಿಸಿದೆವು. ಒಂದು ಬಿಲ್ಲನ್ನು ಯಾರು, ಯಾವಾಗ ತಿದ್ದಿದರು, ಮೊದಲು ಏನಿತ್ತು, ಆಮೇಲೆ ಏನಾಯಿತು, ಎಲ್ಲಾ ಅದರಲ್ಲಿ ಉಳಿಯುತ್ತದೆ. ಕಂಪೆನಿ ಕಾಯಿದೆಯಲ್ಲಿ ನೋಂದಾಯಿಸಿದ ಕಂಪೆನಿಗಳಿಗೆ 2023ರ ಏಪ್ರಿಲ್ 1ರಿಂದ ಇಂಥ ದಾಖಲೆ ಕಡ್ಡಾಯ. ನಮ್ಮಂಥ ಪಾಲುಗಾರಿಕೆ ಅಂಗಡಿಗೆ ಆ ಕಡ್ಡಾಯವಿಲ್ಲ. ಆದರೂ ಬೇಕು ಅಂತ ನಾನು ಪಟ್ಟು ಹಿಡಿದೆ. ಎಲ್ಲರೂ ಒಂದೇ ಹೆಸರಿನಲ್ಲಿ ಹೋದರೆ ಅದರಲ್ಲಿ ಒಂದೇ ಹೆಸರು ಕಾಣುತ್ತದೆ, ಆಗ ಅದು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಹೆಸರು ಬೇರೆಯಾದರೇ ಅದಕ್ಕೆ ಬೆಲೆ.

ಇಷ್ಟು ಮಾಡಿದ ಮೇಲೆ ಎಲ್ಲ ಸುಸೂತ್ರ ಅಂದುಕೊಂಡಿರಾ? ಅಯ್ಯೋ, ಮೊದಲ ವಾರ ದೇವರೇ ಗತಿ. ‘ಅಕ್ಕಾ ಬರ್ತಿಲ್ಲ’, ‘ಅತ್ತಿಗೆ ಆಗ್ತಿಲ್ಲ’, ‘ಇವಳೇ, ಏನೇ ಇದು?’ ನಾನು ಒಲೆಯ ಮೇಲೆ ಸಾರಿಟ್ಟು ಫೋನು ಹಿಡಿದುಕೊಂಡೇ ಇರಬೇಕಾಯಿತು. ಪ್ರೋಗ್ರಾಂ ಹಾಕಿದ ಹುಡುಗನಿಗೆ ಫೋನು ಮಾಡಿದರೆ, “ಮೇಡಂ, ಎಲ್ಲರಿಗೂ ಓನರ್ ಪವರ್ ಕೊಟ್ಟುಬಿಡಿ, ತಲೆನೋವೇ ಇರಲ್ಲ” ಅಂದ! ಹೌದಪ್ಪ, ಬಾಗಿಲು ಕಿತ್ತು ಹಾಕಿದರೆ ಕೀಲು ಕಿರ್ ಅನ್ನುವುದಿಲ್ಲ.

‘ಬರ್ತಿಲ್ಲ’ ಅನ್ನುವುದು ಡಾಕ್ಟರ ಹತ್ತಿರ ‘ಹುಷಾರಿಲ್ಲ’ ಅಂದ ಹಾಗೆ. ಏನು ಬರುತ್ತಿಲ್ಲ? ಒಳಗೆ ಹೋಗಲು ಆಗುತ್ತಿಲ್ಲವೋ, ಹೋದ ಮೇಲೆ ಪಟ್ಟಿ ಕಾಣುತ್ತಿಲ್ಲವೋ, ಕಂಡರೂ ತೆರೆಯುತ್ತಿಲ್ಲವೋ, ತೆರೆದರೂ ತಿದ್ದಲು ಬಿಡುತ್ತಿಲ್ಲವೋ? ನಾಲ್ಕೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ. ಹಾಗಾಗಿ ನಾನೊಂದು ನೋಟ್ ಪುಸ್ತಕ ಇಟ್ಟೆ. ಪರದೆಯ ಮೇಲೆ ಬಂದ ಮಾತನ್ನು ಅಕ್ಷರ ಬಿಡದೆ ಅದರಲ್ಲಿ ಬರೆಯಿರಿ, ಯಾರ ಹೆಸರಿನಲ್ಲಿ, ಎಷ್ಟು ಹೊತ್ತಿಗೆ ಅಂತಲೂ ಬರೆಯಿರಿ ಅಂತ ಹೇಳಿದೆ. ಮೈದುನ ನಕ್ಕರು. ಆದರೆ ಆ ಪುಸ್ತಕವೇ ನಮ್ಮನ್ನು ಕಾಪಾಡಿತು.

ಒಂದು ಉದಾಹರಣೆ ಹೇಳುತ್ತೇನೆ. ಹುಡುಗಿ ಮಂಗಳವಾರದಿಂದ ಶನಿವಾರದ ತನಕ ಆರಾಮಾಗಿ ಕೆಲಸ ಮಾಡುತ್ತಾಳೆ. ಸೋಮವಾರ ಬೆಳಿಗ್ಗೆ ಮಾತ್ರ ಉಳಿದಿದ್ದ ಬಿಲ್ ಹಾಕಲು ಹೋದರೆ ಬಿಡುವುದಿಲ್ಲ. ಒಂದು ವಾರ ಆಯಿತು, ಎರಡು ವಾರ ಆಯಿತು. ಪುಸ್ತಕ ತಿರುವಿ ನೋಡಿದಾಗ ಬರೀ ಸೋಮವಾರಗಳೇ! ಆಮೇಲೆ ಹೊಳೆಯಿತು. ಅವಳ ಪಾತ್ರದಲ್ಲಿ ಹಿಂದಿನ ತಾರೀಖಿನ ಬಿಲ್ಲಿಗೆ ಒಂದು ದಿನದ ಅವಕಾಶ ಅಂತ ಆ ಹುಡುಗ ಹಾಕಿದ್ದ. ಭಾನುವಾರ ಅಂಗಡಿಗೆ ರಜಾ. ಶನಿವಾರ ಸಂಜೆ ಉಳಿದ ಬಿಲ್ಲು ಸೋಮವಾರಕ್ಕೆ ಎರಡು ದಿನ ಹಳೆಯದು. ಅದಕ್ಕೇ ತಡೆ. ಮೂರು ದಿನ ಅಂತ ಮಾಡಿದೆವು, ಸರಿಹೋಯಿತು. ಗೌರಿ-ಗಣೇಶದಂಥ ಹಬ್ಬ ಭಾನುವಾರಕ್ಕೆ ಕೂಡಿಕೊಂಡು ಬಂದರೆ ಮೂರೂ ಸಾಲದು, ಆಗ ಮಾಲೀಕರ ಹೆಸರಿನಲ್ಲಿ ನಮ್ಮವರೇ ಹಾಕುತ್ತಾರೆ. ಅದಕ್ಕೋಸ್ಕರ ವರ್ಷಪೂರ್ತಿ ಹತ್ತು ದಿನದ ಬಾಗಿಲು ತೆಗೆದಿಡುವುದು ಬೇಡ ಅಂದೆ. ಇದಲ್ಲದೆ, ಜಿಎಸ್‌ಟಿ ರಿಟರ್ನ್ ಕಟ್ಟಿಯಾದ ತಿಂಗಳನ್ನು ಯಾರೂ ಮುಟ್ಟದ ಹಾಗೆ ಒಂದು ಗಡಿ ತಾರೀಖು ಹಾಕಲೂ ಅಲ್ಲಿ ಜಾಗವಿದೆ. ಉಪ್ಪಿನಕಾಯಿ ಜಾಡಿಗೆ ಬಟ್ಟೆ ಕಟ್ಟಿಟ್ಟ ಮೇಲೆ ಮತ್ತೆ ಸೌಟು ಹಾಕಬಾರದಲ್ಲ, ಹಾಗೆ.

ಇನ್ನೊಂದು ದಿನ ಹೊಸ ಗಿರಾಕಿ ಬಂದರು. ಹುಡುಗಿಗೆ ಅವರ ಖಾತೆ ತೆರೆಯಲು ಆಗಲಿಲ್ಲ. ಖಾತೆಗಳನ್ನು ತಿದ್ದಬಾರದು ಅಂತ ಹೇಳಿದ್ದಕ್ಕೆ ಆ ಹುಡುಗ ತೆರೆಯುವುದನ್ನೂ ಸೇರಿಸಿ ಇಡಿಯಾಗಿ ಮುಚ್ಚಿದ್ದ. ನೋಡುವುದು, ಹೊಸದು ತೆರೆಯುವುದು, ಹಳೆಯದು ತಿದ್ದುವುದು, ಅಚ್ಚು ಹಾಕುವುದು, ಇವು ಬೇರೆ ಬೇರೆ ಅನುಮತಿಗಳು. ತೆರೆಯಲು ಬಿಟ್ಟು, ತಿದ್ದುವುದಕ್ಕೆ ಮಾತ್ರ ತಡೆ ಉಳಿಸಿಕೊಂಡೆವು. ಇಂಥದ್ದನ್ನು ಬದಲಾಯಿಸುವಾಗ ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ. ಸಾರಿಗೆ ಉಪ್ಪು, ಹುಳಿ, ಬೆಲ್ಲ ಮೂರೂ ಒಟ್ಟಿಗೆ ಹಾಕಿದರೆ ಯಾವುದರಿಂದ ರುಚಿ ಕೆಟ್ಟಿತು ಅಂತ ಹೇಗೆ ತಿಳಿಯುತ್ತೆ? ಬದಲಾಯಿಸಿದ ಮೇಲೆ ಆ ಹುಡುಗಿಯನ್ನು ಹೊರಗೆ ಬಂದು ಅವಳ ಹೆಸರಿನಲ್ಲೇ ಮತ್ತೆ ಒಳಗೆ ಹೋಗಲು ಹೇಳಬೇಕು. ಮಾಲೀಕರ ಹೆಸರಿನಲ್ಲಿ ಕೂತು ‘ನನಗೆ ಬರ್ತಿದೆಯಲ್ಲ’ ಅಂದರೆ ಏನೂ ಗೊತ್ತಾಗುವುದಿಲ್ಲ. ಮಾಲೀಕರಿಗೆ ಎಲ್ಲಾ ಬರುತ್ತೆ.

ಮೈದುನನ ತೊಂದರೆ ಮಾತ್ರ ತಮಾಷೆ. ಒಂದು ಬೆಳಿಗ್ಗೆ, “ಅತ್ತಿಗೆ, ನನ್ನನ್ನೇ ಹೊರಗೆ ಹಾಕಿದೀರಾ!” ಅಂತ ಸಿಟ್ಟಾಗಿ ಫೋನು. ಹೋಗಿ ನೋಡಿದರೆ ಕ್ಯಾಪ್ಸ್ ಲಾಕ್ ಒತ್ತಿ ಹೋಗಿತ್ತು. ಸಣ್ಣ ಅಕ್ಷರದ ಪಾಸ್‌ವರ್ಡು ದೊಡ್ಡ ಅಕ್ಷರದಲ್ಲಿ ಬೀಳುತ್ತಿತ್ತು. ಒಂದು ಗುಂಡಿ ಒತ್ತಿದೆ, ಬಾಗಿಲು ತೆರೆಯಿತು. ಅವತ್ತು ಅವರೇ ಹೋಗಿ ಎಲ್ಲರಿಗೂ ಕಾಫಿ ತರಿಸಿದರು.

ಎಲ್ಲಕ್ಕಿಂತ ಸತಾಯಿಸಿದ್ದು ಗೋಡೌನಿನ ಎರಡನೆಯ ಕಂಪ್ಯೂಟರು. ಅಲ್ಲಿಂದ ಮುಂದಿನ ಅಂಗಡಿಯ ಲೆಕ್ಕವನ್ನೇ ತೆರೆಯುವ ಏರ್ಪಾಡು. ಹುಡುಗಿ ಅದೇ ಹೆಸರು, ಅದೇ ಪಾಸ್‌ವರ್ಡಿನಲ್ಲಿ ಮುಂದಿನ ಕಂಪ್ಯೂಟರಿನಲ್ಲಿ ಬಿಲ್ ಹಾಕುತ್ತಾಳೆ, ಹಿಂದಿನದರಲ್ಲಿ ಆಗದು. ಪಾತ್ರ ನೋಡಿದೆವು, ಸರಿಯಿದೆ. ಹೆಸರು ನೋಡಿದೆವು, ಸರಿಯಿದೆ. ನಮ್ಮವರನ್ನೇ ಅಲ್ಲಿ ಕೂರಿಸಿದೆ, ಮಾಲೀಕರಿಗೂ ಆಗಲಿಲ್ಲ! ಅಲ್ಲಿಗೆ ನನಗೆ ಅರ್ಥವಾಯಿತು. ಮಾಲೀಕರಿಗೂ ಆಗದಿದ್ದರೆ ತಡೆ ಟ್ಯಾಲಿಯಲ್ಲಿ ಇಲ್ಲ, ಬೇರೆಲ್ಲೋ ಇದೆ. ಮಗನಿಗೆ ಫೋನು ಮಾಡಿದೆ. ಲೆಕ್ಕ ಇಟ್ಟಿರುವ ಫೋಲ್ಡರಿಗೆ ವಿಂಡೋಸಿನದೇ ಒಂದು ಅನುಮತಿ ಇರುತ್ತದಂತೆ. ಅದನ್ನು ಇನ್ನೊಂದು ಕಂಪ್ಯೂಟರಿಗೆ ಹಂಚುವಾಗ ‘ಓದಲು ಮಾತ್ರ’ ಅಂತ ಹಂಚಿದ್ದರು. ಮನೆಗೆ ಬೀದಿ ಗೇಟು ಒಂದು, ತಲೆಬಾಗಿಲು ಒಂದು. ತಲೆಬಾಗಿಲು ತೆರೆದಿದ್ದರೂ ಗೇಟಿಗೆ ಬೀಗವಿದ್ದರೆ ಒಳಗೆ ಬರಲಾದೀತೇ? ಎರಡು ಕಡೆ ಅನುಮತಿ ಇದ್ದಾಗ ಬಿಗಿಯಾದದ್ದೇ ಗೆಲ್ಲುವುದು. ‘ಬದಲಾಯಿಸಬಹುದು’ ಅಂತ ಮಾಡಿದ ಮೇಲೆ ಸರಿಹೋಯಿತು. ಅದೂ ಎಲ್ಲರಿಗೂ ಅಲ್ಲ, ಆ ಒಂದು ಕಂಪ್ಯೂಟರಿನ ಹೆಸರಿಗೆ ಮಾತ್ರ. ಅಷ್ಟರಲ್ಲಿ ಯಾರೋ ಟ್ಯಾಲಿಯಲ್ಲಿ ಅವಳಿಗೆ ಮಾಲೀಕರ ಅಧಿಕಾರ ಕೊಟ್ಟಿದ್ದರೆ ತೊಂದರೆಯೂ ಹೋಗುತ್ತಿರಲಿಲ್ಲ, ಬೀಗವೂ ಹೋಗುತ್ತಿತ್ತು.

ಆಡಿಟರ ಪೋರನಿಗೆ ನೋಡಲು ಮತ್ತು ಅಚ್ಚು ಹಾಕಲು ಮಾತ್ರ ಬಿಟ್ಟೆವು. ಅವನಿಗೆ ಸ್ವಲ್ಪ ಮುಖ ಚಿಕ್ಕದಾಯಿತು. ತಿದ್ದುವುದಿದ್ದರೆ ಚೀಟಿಯಲ್ಲಿ ಬರೆದುಕೊಡಪ್ಪ, ನಾವು ತಿದ್ದುತ್ತೇವೆ ಅಂದೆ. ಬ್ಯಾಂಕಿನಲ್ಲೂ ಹಾಗೇ ಅಲ್ಲವೇ? ಒಬ್ಬರು ಬರೆಯುತ್ತಾರೆ, ಇನ್ನೊಬ್ಬರು ನೋಡಿ ಪಾಸು ಮಾಡುತ್ತಾರೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಒಂದು ಎಚ್ಚರಿಕೆ ಮರೆಯುವ ಮುಂಚೆ ಹೇಳಿಬಿಡುತ್ತೇನೆ. ಸಾಮಾನ್ಯ ಪಾಸ್‌ವರ್ಡ್ ಮರೆತರೆ ಮಾಲೀಕರು ಹೊಸದು ಕೊಡಬಹುದು. ಆದರೆ ಟ್ಯಾಲಿಯಲ್ಲಿ ‘ವಾಲ್ಟ್’ ಅಂತ ಇನ್ನೊಂದಿದೆ, ಲೆಕ್ಕವನ್ನೇ ಗೂಢಲಿಪಿ ಮಾಡಿ ಇಡುವಂಥದ್ದು. ಅದರ ಪಾಸ್‌ವರ್ಡ್ ಮರೆತರೆ ಲೆಕ್ಕವೇ ಹೋದಂತೆ, ಯಾರಿಂದಲೂ ತೆಗೆಯಲಾಗದು. ಹಾಕುವುದಿದ್ದರೆ ಚೀಟಿಯಲ್ಲಿ ಬರೆದು, ಲಕೋಟೆಗೆ ಅಂಟು ಹಚ್ಚಿ, ಬೀರುವಿನಲ್ಲಿ ಒಡವೆ ಡಬ್ಬಿಯ ಕೆಳಗಿಡಿ. ಮಾಲೀಕರ ಪಾಸ್‌ವರ್ಡಿಗೂ ನಮ್ಮ ಮನೆಯಲ್ಲಿ ಹಾಗೇ ಮಾಡಿದ್ದೇವೆ. ನಮ್ಮವರಿಗೆ ಏನಾದರೂ ಆದರೆ ಅಂಗಡಿಯ ಬಾಗಿಲು ತೆರೆಯಬೇಕಾದವಳು ನಾನು. ಇದನ್ನು ಬಾಯಿಬಿಟ್ಟು ಹೇಳಲು ಹೆಂಗಸರಿಗೆ ಸಂಕೋಚ, ಅಪಶಕುನ ಅಂತ. ನಾನು ಹೇಳಿದೆ. ನಮ್ಮವರು ಒಂದು ನಿಮಿಷ ಸುಮ್ಮನಿದ್ದು, ತಾವೇ ಲಕೋಟೆ ತಂದುಕೊಟ್ಟರು.

ಆ ಹದಿನೈದು ಸಾವಿರವನ್ನು ಸರಿಯಾದ ಖಾತೆಗೆ ಬದಲಾಯಿಸಿದೆವು. ಮೊದಲು ಯಾರು ತಪ್ಪು ಖಾತೆಗೆ ಹಾಕಿದರು ಅನ್ನುವುದು ಇವತ್ತಿಗೂ ಗೊತ್ತಾಗಿಲ್ಲ, ಇನ್ನು ಗೊತ್ತಾಗುವುದೂ ಇಲ್ಲ. ಹುಡುಗಿ ಮಾತ್ರ ಮತ್ತೆ ಒಂದು ವರ್ಷ ಕೆಲಸ ಮಾಡಿದಳು. ಒಮ್ಮೆ ಒಂದು ಬಿಲ್ಲಿನ ರೇಟು ಬದಲಾಗಿದೆ ಅಂತ ಮಾತು ಬಂದಾಗ ಅವಳು ಯಾರಿಗೂ ಏನೂ ಹೇಳದೆ ಎಡಿಟ್ ಲಾಗ್ ತೆರೆದು ಪರದೆಯನ್ನು ಮೈದುನನ ಕಡೆ ತಿರುಗಿಸಿದಳು. ಅದರಲ್ಲಿ ಮೈದುನನ ಹೆಸರೇ ಇತ್ತು! ಗಿರಾಕಿಗೆ ಚೌಕಾಸಿ ಬಿಟ್ಟುಕೊಟ್ಟದ್ದು ಅವರಿಗೇ ಮರೆತು ಹೋಗಿತ್ತು.

ಈ ಮಾಘದಲ್ಲಿ ಅವಳಿಗೆ ಮದುವೆಯಾಯಿತು, ಅರಸೀಕೆರೆ ಕಡೆಗೆ ಹೋದಳು. ಕೊನೆಯ ದಿನ ಸಂಜೆ ಲೆಕ್ಕ ಒಪ್ಪಿಸಿ, ಅರಿಶಿನ-ಕುಂಕುಮ ಇಸಿದುಕೊಂಡು, ಬಾಗಿಲ ತನಕ ಹೋದವಳು ಹಿಂದಿರುಗಿ ಬಂದು, “ಅಕ್ಕಾ, ನನ್ನ ಹೆಸರು ತೆಗೆದುಬಿಡಿ, ಮರೀಬೇಡಿ” ಅಂದಳು. ನಾಳೆ ತೆಗೆದರಾಯಿತು ಬಿಡೇ ಅಂದರೂ ಕೇಳಲಿಲ್ಲ, ಪಕ್ಕದಲ್ಲೇ ನಿಂತು ತೆಗೆಸಿದಳು. ಅವಳ ಜಾಗಕ್ಕೆ ಈಗ ಒಬ್ಬ ಹುಡುಗ ಬಂದಿದ್ದಾನೆ. ಪಾತ್ರ ಮೊದಲೇ ಸಿದ್ಧವಿತ್ತು, ಅವನ ಹೆಸರು ಸೇರಿಸಲು ಎರಡು ನಿಮಿಷವೂ ಹಿಡಿಯಲಿಲ್ಲ. ಮೊದಲ ಸೋಮವಾರ ಅವನಿಗೂ ಶನಿವಾರದ ಬಿಲ್ ಉಳಿದಿತ್ತು. ಪುಸ್ತಕ ನೋಡಪ್ಪ ಅಂದೆ.